ಎರಡು ಗ್ರಾಮಿನ ಎಳೆ

ನಾನು ಮೀನಿನ ಗಾಳಕ್ಕೆಂದು ಹುಟ್ಟಿದ ನೈಲಾನ್ ದಾರದ ಒಂದು ತುಂಡು. ಮಂಗಳೂರಿನ ಬಂದರಿನ ಅಂಗಡಿಯಲ್ಲಿ ಸುರುಳಿಯಾಗಿ ಬಿದ್ದಿದ್ದೆ. ಸಮುದ್ರ ಕಾಣುವ ಮೊದಲೇ ಡಾಕ್ಟರ್ ಯಮುನಾ ಬಾಳಿಗಾ ನನ್ನನ್ನು ಕೊಂಡುಹೋದರು. ಅವರು ವೈದ್ಯಕೀಯ ಕಾಲೇಜೊಂದರಲ್ಲಿ ನರಗಳನ್ನೂ ನೋವನ್ನೂ ಕುರಿತು ಸಂಶೋಧನೆ ಮಾಡುತ್ತಿದ್ದರು. ಚರ್ಮ ಮುಟ್ಟಿ ನೋವನ್ನು ಅಳೆಯಲು ವಿದೇಶದಿಂದ ಬರಬೇಕಾದ ಉಪಕರಣ ಎರಡು ವರ್ಷವಾದರೂ ಬಂದಿರಲಿಲ್ಲ. ಅದಕ್ಕೇ ನನ್ನನ್ನು ಕಿರುಬೆರಳುದ್ದ ಕತ್ತರಿಸಿ, ಗಾಜಿನ ಕಡ್ಡಿಯ ತುದಿಗೆ ಅಂಟಿಸಿ, ತಕ್ಕಡಿಯ ತಟ್ಟೆಯ ಮೇಲೆ ಒತ್ತಿ ನೋಡಿದರು. ಸರಿಯಾಗಿ ಎರಡು ಗ್ರಾಮ್ ಭಾರಕ್ಕೆ ನಾನು ಬಾಗಿದೆ. ಯಾರು ಎಷ್ಟು ಒತ್ತಿದರೂ ಅದಕ್ಕಿಂತ ಹೆಚ್ಚು ಭಾರ ಚರ್ಮದ ಮೇಲೆ ಬೀಳುವುದಿಲ್ಲ. ನಿಮ್ಮ ಅಂಗೈಗೆ ನಾನು ತಾಗಿದರೆ ನೀವು ನಕ್ಕೀರಿ, ಅಷ್ಟೆ.

ನಾನು ಮುಟ್ಟಿದ ಮೊದಲ ರೋಗಿ ಐತಪ್ಪ. ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಒತ್ತುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ಜಜ್ಜಿಹೋಗಿತ್ತು. ಗಾಯ ಮಾಯ್ದು ವರ್ಷವಾಗಿತ್ತು. ಆದರೂ ಅಂಗಿಯ ತೋಳು ಸೋಕಿದರೆ ಸಾಕು, ಕೂಗುತ್ತಿದ್ದರು. ನಾನು ಅವರ ಹೆಬ್ಬೆರಳಿನ ಬುಡವನ್ನು ಮುಟ್ಟಿದೆ.

"ತೆಗೀರಿ ಡಾಕ್ಟ್ರೆ! ಕೆಂಡ ಇಟ್ಟ ಹಾಗೆ ಆಗ್ತದೆ!"

ನನಗೆ ನಾಚಿಕೆಯಾಯಿತು. ಇಷ್ಟು ಮೆತ್ತಗಿನ ನಾನು ಒಬ್ಬ ಮನುಷ್ಯನನ್ನು ಸುಟ್ಟಿದ್ದೆ.

"ಕಾರ್ಖಾನೆಯವ್ರು ನಾಟಕ ಅಂತ ಬರ್ದಿದ್ದಾರೆ. ಮನೆಯಲ್ಲೂ ಹಾಗೇ ಹೇಳ್ತಾರೆ" ಎಂದರು ಐತಪ್ಪ.

"ನಾಟಕ ಅಲ್ಲ ಇದು. ನಿಮ್ಮ ನರ ಕೆಟ್ಟಿದೆ. ಸುಮ್ಮನೆ ಮುಟ್ಟಿದ್ದನ್ನೂ ಅದು ಬೆಂಕಿ ಅಂತ ಮಿದುಳಿಗೆ ಹೇಳ್ತಿದೆ."

ಆ ಮಾತಿಗೆ ಐತಪ್ಪ ಮುಖ ಮುಚ್ಚಿಕೊಂಡು ಅತ್ತರು. ಡಾಕ್ಟರು ಅಂದೇ ಮಾತು ಕೊಟ್ಟುಬಿಟ್ಟರು: "ಇದಕ್ಕೆ ನಾನು ಔಷಧಿ ಹುಡುಕ್ತೇನೆ."

ಮುಂದಿನ ಹದಿನಾಲ್ಕು ವರ್ಷ ನಾನು ಇಲಿಗಳ ಪಾದ ಮುಟ್ಟಿದೆ. ಐತಪ್ಪನಂಥದೇ ನೋವು ಬರಲೆಂದು ಕಾಲಿನ ನರಕ್ಕೆ ದಾರ ಬಿಗಿದ ಇಲಿಗಳು. ತಂತಿಬಲೆಯ ಕೆಳಗಿನಿಂದ ನಾನು ತಾಗಿದೊಡನೆ ಅವು ಪಾದ ಎಳೆದುಕೊಂಡು ನೆಕ್ಕುತ್ತಿದ್ದವು. ಎಷ್ಟು ಸಾವಿರ ಪಾದಗಳೋ! ಕೆಲಸ ಮುಗಿದ ಇಲಿಗಳು ಮತ್ತೆ ಕಾಣುತ್ತಿರಲಿಲ್ಲ. ಡಾಕ್ಟರು ಮದುವೆಯಾಗಲಿಲ್ಲ. ಅಮ್ಮನಿಗೆ ಕಾಯಿಲೆಯಾದಾಗಲೂ ಇಲಿಗಳಿಗೆ ಔಷಧಿ ಕೊಡುವ ದಿನಗಳೆಂದು ಊರಿಗೆ ತಡವಾಗಿ ಹೋದರು. ಕೊನೆಗೊಂದು ಬೆಳಿಗ್ಗೆ, ಹೊಸ ಔಷಧಿ ಕುಡಿದ ಇಲಿ ನಾನು ಮುಟ್ಟಿದರೂ ಪಾದ ಎತ್ತಲಿಲ್ಲ. ಎರಡನೆಯದೂ ಎತ್ತಲಿಲ್ಲ. ಡಾಕ್ಟರು ಪುಸ್ತಕದಲ್ಲಿ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದರು.

ಸುರಕ್ಷತೆಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಔಷಧಿಯನ್ನು ಐತಪ್ಪನೂ ಸೇರಿ ನಲವತ್ತು ರೋಗಿಗಳ ಮೇಲೆ ಪರೀಕ್ಷಿಸಿದರು. ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಎಂಟನೆಯ ವಾರ ಐತಪ್ಪ ಕೈಯನ್ನು ಮೇಜಿನ ಮೇಲಿಟ್ಟರು. ನಾನು ಮುಟ್ಟಿದೆ. ಕೈ ಅಲ್ಲಾಡಲಿಲ್ಲ.

"ತುಂಬಾ ಕಡಿಮೆ ಆಗಿದೆ ಡಾಕ್ಟ್ರೆ" ಎಂದು ನಕ್ಕರು.

ಡಾಕ್ಟರ ಮುಖ ಅರಳಿತು. ಆ ಸಂಭ್ರಮದಲ್ಲಿ ಅವರ ಕೈಯಿಂದ ಜಾರಿ ನಾನು ನೆಲಕ್ಕೆ ಬಿದ್ದೆ. ಮೇಜಿನ ಕೆಳಗೆ ಐತಪ್ಪನ ಬರಿಗಾಲು ಕಂಡಿತು. ಬೆರಳುಗಳೆಲ್ಲ ಮಡಚಿ ನೆಲವನ್ನು ಕಚ್ಚಿಹಿಡಿದಿದ್ದವು. ನನ್ನನ್ನು ಎತ್ತಲು ಬಗ್ಗಿದ ಡಾಕ್ಟರೂ ಅದನ್ನು ಕಂಡರು. ನನ್ನನ್ನು ಮೇಜಿನ ಮೇಲಿಟ್ಟು ಕುಳಿತರು.

"ಐತಪ್ಪ, ನಿಜ ಹೇಳಿ."

"ಎಂತ ಹೇಳುದು ಡಾಕ್ಟ್ರೆ... ನನ್ನ ಮಾತು ನಂಬಿದ್ದು ನೀವೊಬ್ರೇ. ಇಷ್ಟು ವರ್ಷ ದುಡಿದ್ರಿ. ನೋವು ಕಡಿಮೆ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ತಿಂಗಳ ನಂತರ, ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟಿನ ಪಟ್ಟಿ ತೆರೆದರು. ಐತಪ್ಪ ನುಂಗಿದ್ದು ನಿಜವಾದ ಮಾತ್ರೆಯನ್ನೇ. ಔಷಧಿಗೂ ಹಿಟ್ಟಿಗೂ ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತಿತ್ತು. ಡಾಕ್ಟರು ಇದ್ದದ್ದನ್ನು ಇದ್ದಂತೆ ಬರೆದು ಸಹಿ ಹಾಕಿದರು.

ಐತಪ್ಪ ಕೈಯನ್ನೇ ಕತ್ತರಿಸಿಬಿಡಿ ಎಂದು ಹಟ ಹಿಡಿದರು. "ಕೈ ಹೋದ್ರೂ ನೋವು ಹೋಗ್ಲಿಕ್ಕಿಲ್ಲ, ಬೇಡ" ಎಂದು ಡಾಕ್ಟರು ಅಂಗಲಾಚಿದರು. ಆದರೂ ಐತಪ್ಪ ಬೇರೆ ಊರಿಗೆ ಹೋಗಿ ಕತ್ತರಿಸಿಕೊಂಡೇ ಬಂದರು. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕುಳಿತರು. ಅಂಗಿಯ ಬಲತೋಳು ಖಾಲಿಯಾಗಿ ನೇತಾಡುತ್ತಿತ್ತು.

"ಈಗಲೂ ಸುಡ್ತದೆ ಡಾಕ್ಟ್ರೆ. ಹೆಬ್ಬೆರಳ ಬುಡದಲ್ಲೇ."

ಅಭ್ಯಾಸಬಲದಿಂದ ಡಾಕ್ಟರು ನನ್ನನ್ನು ಕೈಗೆತ್ತಿಕೊಂಡರು. ನನ್ನ ತುದಿ ಗಾಳಿಯಲ್ಲಿ ನಿಂತಿತು. ಮುಟ್ಟಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಡಾಕ್ಟರು ಪಾಠ ಮಾಡಿದರು, ಉತ್ತರಪತ್ರಿಕೆ ತಿದ್ದಿದರು. ಇಲಿಗಳ ಕೋಣೆಗೆ ಮಾತ್ರ ಹೋಗಲಿಲ್ಲ. ನಿವೃತ್ತಿಯ ದಿನ ಮೇಜಿನ ಖಾನೆ ಖಾಲಿ ಮಾಡುವಾಗ ಹೊಸ ಅಧ್ಯಾಪಕಿ ಶಮೀಮಾ ನನ್ನನ್ನು ಎತ್ತಿ ನೋಡಿ ಕೇಳಿದರು:

"ಇದ್ರಿಂದ ಎಂತ ಮಾಡ್ತಿದ್ರಿ ಮೇಡಂ?"

"ನೋವು ಎಲ್ಲಿದೆ ಅಂತ ಹುಡುಕ್ತಿದ್ದೆ."

"ಸಿಕ್ತಾ?"

"ಸಿಕ್ತದೆ. ಹುಡುಕುದು ಕಷ್ಟ ಅಲ್ಲ."

ನನ್ನನ್ನು ಖಾನೆಯೊಳಗೇ ಬಿಟ್ಟು ಡಾಕ್ಟರು ಹೊರಟುಹೋದರು. ಕಡಲ ಗಾಳಿಯ ತೇವಕ್ಕೆ ನಾನೀಗ ಸೊರಗಿದ್ದೇನೆ; ನನ್ನ ಅಳತೆಯನ್ನು ಯಾರೂ ನಂಬುವಂತಿಲ್ಲ. ನೋವನ್ನು ತೋರಿಸಿದೆನೇ ಹೊರತು ಒಬ್ಬರದನ್ನೂ ಇಳಿಸಲಿಲ್ಲ. ಮೇಜಿನ ಮೇಲೆ ಈಗ ನನ್ನ ಬದಲು ಅಂಕಿ ಮಿನುಗಿಸುವ ಹೊಸ ಯಂತ್ರವಿದೆ. ಬಾಗಿಲಾಚೆ ರೋಗಿಗಳ ಸಾಲು ಇದೆ. ಆಗಾಗ ಯಾರೋ ಕಿರುಚುತ್ತಾರೆ. ಯಂತ್ರ ಮುಟ್ಟಿರಬೇಕು.