ಹತ್ತಿ ತುಂಬಿದ ಹೊಲಿಗೆ

ಟೈಲರಮ್ಮನ ಹೊಲಿಗೆ ಎಂದರೆ ಬೀದಿಗೆಲ್ಲ ಹೆಸರು. ಎಂಥ ಮೈಕಟ್ಟಿಗೂ ಒಪ್ಪವಾಗಿ ಕೂರುವಂತೆ ಹೊಲಿದುಕೊಡುವ ಕೈ ಅದು. ಆ ಮಧ್ಯಾಹ್ನ ಅವಳು ಸ್ವಂತ ಮಗಳ ಮದುವೆಯ ಉಡುಪಿಗೆ ಅಳತೆ ತೆಗೆಯುತ್ತಿದ್ದಳು.

"ನೆಟ್ಟಗೆ ನಿಲ್ಲೇ, ಈಗಲೇ ಗಂಡನ ಮನೆ ಕಡೆ ವಾಲ್ತಿದೀಯ," ಎಂದು ರೇಗಿಸಿದಳು. ಪುಟ್ಟಿ ನಕ್ಕು ತೋಳೆತ್ತಿದಳು. ಟೇಪು ಎಡ ಕಂಕುಳ ಕೆಳಗೆ ಹಾಯುವಾಗ ತಾಯಿಯ ಬೆರಳಿಗೆ ಕಡಲೆಕಾಳಿನಷ್ಟು ಗಟ್ಟಿಯಾದದ್ದೇನೋ ತಗುಲಿತು. ಟೇಪು ಅಲ್ಲೇ ನಿಂತಿತು. ಅಂಥ ಗಂಟು ಆ ಮನೆಗೆ ಹೊಸದಲ್ಲ.

ಅತ್ತೆಯ ಇಬ್ಬರು ಹೆಣ್ಣುಮಕ್ಕಳು, ಅಂದರೆ ಟೈಲರಮ್ಮನ ನಾದಿನಿಯರು, ಅಂಥ ಗಂಟಿನ ಕ್ಯಾನ್ಸರಿನಿಂದಲೇ ಸತ್ತಿದ್ದರು. ಜನರಿಗೆ ಹೇಳಿದ್ದು ಕಾಮಾಲೆ ಎಂದು. ಹೆಣ್ಣಿನ ರೋಗವನ್ನು ಮುಚ್ಚಿಡುವುದೇ ಮರ್ಯಾದೆ ಎಂದು ನಂಬಿದ ಮನೆಗಳು ಎಷ್ಟಿಲ್ಲ! ಇದೂ ಅಂಥದೊಂದು. ಕಿರಿಯ ನಾದಿನಿಯ ಒಂದು ಕಡೆಯ ಮೊಲೆ ತೆಗೆದ ಮೇಲೆ, ಅತ್ತೆಯ ಅಪ್ಪಣೆಯಂತೆ ಅವಳ ಉಡುಪುಗಳಿಗೆ ಹತ್ತಿ ತುಂಬಿ ಹೊಲಿದವಳು ಟೈಲರಮ್ಮನೇ.

ಆಸ್ಪತ್ರೆಗೆ ಜೊತೆ ಹೋದವಳೂ ಅವಳೇ. "ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅಂತ ಒಂದು ಬರಹ ಇರತ್ತೆ," ಎಂದಿದ್ದರು ಡಾಕ್ಟರು. "ಅದರಲ್ಲಿ ಅಕ್ಷರ ಬದಲಾಗಬಹುದು, ಬಿಟ್ಟುಹೋಗಬಹುದು, ಹೆಚ್ಚಿಗೆ ಸೇರಬಹುದು. ಹೊಗೆಯಿಂದ, ಬಿಸಿಲಿಂದ, ವಿಕಿರಣದಿಂದ ಆಗತ್ತೆ. ಕೋಶ ಒಡೆದು ಎರಡಾಗೋವಾಗ ತಾನಾಗಿಯೂ ತಪ್ಪತ್ತೆ. ಅಂಥದ್ದು ಸಾಮಾನ್ಯವಾಗಿ ಅವರವರ ಮೈಯಲ್ಲೇ ಮುಗಿಯತ್ತೆ. ಈ ಕ್ಯಾನ್ಸರ್ ತರೋ ನಿಮ್ಮ ಮನೆಯ ತಪ್ಪು ಹುಟ್ಟಿನಿಂದ ಬಂದಿದ್ದು. ಮಕ್ಕಳಿಗೆ ಬರಬಹುದು, ಬರದೇನೂ ಇರಬಹುದು. ಮನೆಯವರಿಗೆಲ್ಲ ಹೇಳಿ, ಪರೀಕ್ಷೆ ಮಾಡಿಸಿ."

ಕತ್ತರಿ ಜಾರಿದರೆ ಕೆಡುವುದು ಒಂದೇ ಅಂಗಿ. ಅಳತೆಯ ಕಾಗದದಲ್ಲೇ ತಪ್ಪಿದ್ದರೆ ಅದರಿಂದ ಕತ್ತರಿಸಿದ ಪ್ರತಿಯೊಂದನ್ನೂ ಹಿಡಿದು ನೋಡಬೇಕು. ಟೈಲರಮ್ಮ ಅಷ್ಟನ್ನು ಅರ್ಥಮಾಡಿಕೊಂಡು, ಅತ್ತೆಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಈಗ ಪುಟ್ಟಿಯನ್ನು ನೀರು ತರಲು ಕಳಿಸಿ, ಗಂಟಿನ ವಿಷಯವನ್ನು ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಿವಿಯಲ್ಲಿ ಹೇಳಿದಳು. ಮುದುಕಿ ಬಾಗಿಲ ಕಡೆ ನೋಡಿದಳು, ಹಟ ಮಾತ್ರ ಸಡಿಲಲಿಲ್ಲ.

"ಅವಳು ನನ್ನ ಮಗನ ಮಗಳು. ಇದು ಹೆಣ್ಣಿಂದ ಹೆಣ್ಣಿಗೆ ಬರೋದು. ಗಂಡಸಿಂದ ಎಲ್ಲಿ ಬರತ್ತೆ?"

"ತಂದೆಯಿಂದಲೂ ಬರತ್ತೆ ಅಂತ ಡಾಕ್ಟರೇ ಹೇಳಿದಾರೆ ಅತ್ತೆ."

"ಮದುವೆ ಮುರಿದ್ರೆ ಡಾಕ್ಟರು ಬಂದು ಕಟ್ಕೋತಾರಾ? ಮೊದಲು ಮದುವೆ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ. ಕಿರಿಯವಳದ್ದು ಮುಚ್ಚಲಿಲ್ವಾ? ಹಾಗೇ ಸುಮ್ನೆ ಹೊಲಿ."

ಹೇಳಿದರೆ ಸಂಬಂಧ ಹೋಗುತ್ತದೆ, ಹೇಳದಿದ್ದರೆ ಮಗಳೇ ಹೋಗುತ್ತಾಳೆ. ಹತ್ತಿಯ ಉಡುಪಿನಲ್ಲಿ ಎಲ್ಲರೆದುರು ನಗುತ್ತಾ ಓಡಾಡಿದ ನಾದಿನಿ ಕಣ್ಣ ಮುಂದೆ ಬಂದಳು. ಟೈಲರಮ್ಮ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟಳು.

"ನಾನು ಹೊಲಿಯಲ್ಲ ಅತ್ತೆ. ಮೊದಲು ಆಸ್ಪತ್ರೆ."

"ಮೆಲ್ಲಗೆ ಮಾತಾಡೇ, ಬೀದಿಗೆ ಕೇಳಿಸತ್ತೆ."

"ಕೇಳಿಸಲಿ. ಗಂಡಿನ ಮನೆಯವರಿಗೂ ಹೇಳ್ತೀನಿ."

ಪುಟ್ಟಿ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ಅವಳ ಕೈ ಎಡ ಕಂಕುಳಿಗೆ ಹೋಗಿ ತಡಕಾಡಿ, ಒಂದು ಕಡೆ ನಿಂತಿತು.

"ಅಜ್ಜಿ, ಸೋದರತ್ತೆಯರಿಗೆ ಮೊದಲು ಗಂಟು ಎಲ್ಲಿ ಬಂದಿತ್ತು?"

ಮುದುಕಿ ಮೊಮ್ಮಗಳ ಕೈ ನಿಂತ ಜಾಗವನ್ನೇ ನೋಡಿದಳು. ಆಮೇಲೆ ಕೈಯನ್ನೆತ್ತಿ ತನ್ನದೇ ಎಡ ಕಂಕುಳ ಕೆಳಗೆ ಇಟ್ಟು ತೋರಿಸಿದಳು.

"ಇಲ್ಲೇ," ಎಂದಳು. "ಇಬ್ಬರಿಗೂ ಇಲ್ಲೇ."

ಲೋಟದ ನೀರು ಪುಟ್ಟಿಯ ಕೈಮೇಲೆ ತುಳುಕಿತು. ತಾಯಿ ಅದನ್ನು ತೆಗೆದು ಕೆಳಗಿಟ್ಟು ಮಗಳ ಕೈ ಹಿಡಿದುಕೊಂಡಳು.

ಮುದುಕಿ ಗೋಡೆ ಹಿಡಿದು ಎದ್ದಳು. "ನನ್ನ ಚಪ್ಪಲಿ ಎಲ್ಲಿದೆ ನೋಡೇ. ಆಸ್ಪತ್ರೆಗೆ ನಾನೂ ಬರ್ತೀನಿ. ಗಂಡಿನ ಮನೆಗೆ ನಾನೇ ಹೇಳ್ತೀನಿ, ನನ್ನ ಮಕ್ಕಳು ಸತ್ತಿದ್ದು ಕಾಮಾಲೆಯಿಂದ ಅಲ್ಲ ಅಂತ."