ಮೂಗಿಗೆ ಬಿಟ್ಟ ಪಾದೋದಕ

"ಅವ್ವಾ, ಕೂಸು ಹೋತು" ಎಂದು ಮಗ ಸಿದ್ದರಾಮೇಶ ಗದ್ವಾಲಿನ ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದ ಸೋಮವಾರ, ಮಕ್ತಲಿನ ಮನೆಯಲ್ಲಿದ್ದ ಶಂಕ್ರಮ್ಮ ಅಳಲಿಲ್ಲ. ಅವಳ ಕಿವಿಯಲ್ಲಿ ಮತ್ತೆ ಕೇಳಿಸಿದ್ದು, ಆಸ್ಪತ್ರೆಯಲ್ಲಿ ಕೇಳಿದ್ದ ಒಂದು ಸಣ್ಣ ಸೀನು. ಉಸಿರು ಕಟ್ಟಿ ಹುಟ್ಟಿ, ಅಳದೇ ಹೋದ ಆ ಕೂಸು ಮೂರು ದಿನದ ಬಾಳಿನಲ್ಲಿ ಮಾಡಿದ ಸದ್ದು ಅದೊಂದೇ. ಕೇಳಿದವಳೂ ಅವಳೊಬ್ಬಳೇ.

ಮಣ್ಣು ಮಾಡಿ ಬಂದ ಮೇಲೂ ಸೀನು ಬಿಡಲಿಲ್ಲ. ಹಿಟ್ಟು ನಾದುವಾಗ ಬೆನ್ನ ಹಿಂದೆ ಕೇಳಿಸುತ್ತಿತ್ತು; ಲಿಂಗಪೂಜೆಗೆ ಕಣ್ಣು ಮುಚ್ಚಿದರೆ ಅಂಗೈಯ ಹತ್ತಿರವೇ.

ಐದನೆಯ ದಿನ ಮಗಳ ಮಗಳು ಗಂಗಾಂಬಿಕಾ ಹೈದರಾಬಾದಿನಿಂದ ಬಂದಳು. ಉಸಿರು ಕಟ್ಟಿ ಹುಟ್ಟಿದ ಕೂಸುಗಳ ಮಿದುಳು ಉಳಿಸುವಂಥ ಮೂಗಿಗೆ ಬಿಡುವ ಹನಿ ಔಷಧದ ಸಂಶೋಧನೆ ಅವಳ ಕೆಲಸ. ಯುಗಾದಿಗೆ ಬಂದಾಗ ಅಜ್ಜಿಯ ಮೂಗಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಮಿದುಳಿಗೆ ಸೀದಾ ದಾರಿ ಐತಿ" ಎಂದಿದ್ದಳು.

"ಹಂಗಾರ ದಿನಾ ನಶ್ಯ ಏರಿಸ್ತಿದ್ದ ನಿಮ್ಮಜ್ಜಗ ಬುದ್ಧಿ ಯಾಕ ಬರಲಿಲ್ಲ?" ಎಂದು ಶಂಕ್ರಮ್ಮ ನಕ್ಕಿದ್ದಳು.

ಈಗ ಗಂಗಾಂಬಿಕಾ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಳು. "ನನ್ನ ಔಷಧ ಇನ್ನೂ ಇಲಿಮರಿ ಮ್ಯಾಲೇ ಐತಜ್ಜಿ. ಹನಿ ಎಷ್ಟು ಸಣ್ಣದಿರಬೇಕು, ಎಷ್ಟು ಮಂದ ಇರಬೇಕು ಅನ್ನೋದರಾಗ ನಾಕು ವರ್ಷ ಹೋತು. ಜಾರಿ ಶ್ವಾಸಕೋಶಕ್ಕ ಇಳಿದ್ರ ಕೂಸಿಗೇ ಅಪಾಯ."



"ನಾ ಬಿಟ್ಟೀನಿ" ಎಂದಳು ಶಂಕ್ರಮ್ಮ. "ವೀರಯ್ಯ ಸ್ವಾಮಿಗಳ ಪಾದ ತೊಳೆದ ನೀರು, ಪಾದೋದಕ. ತುಟಿಗೆ ಹಚ್ಚೋದು ನಮ್ಮ ಪದ್ಧತಿ. ಆದ್ರ ನೀ ಹೇಳಿದ್ದು ನೆನಪಾತು. ಆಸ್ಪತ್ರಿಯಾಗ ಕೂಸು ನೋಡಾಕ ಒಳಗ ಬಿಟ್ಟಿದ್ರು. ನರ್ಸಮ್ಮ ಆಚೆ ತಿರುಗಿದಾಗ ಅರಳೆಯಿಂದ ಮೂಗಿಗೆ ಎರಡು ಹನಿ ಹಿಂಡಿದೆ. ಸೀನಿತು. ಉಸಿರು ಬಂತಂತ ಕೈ ಮುಗಿದೆ."

ಗಂಗಾಂಬಿಕಾ ಅಜ್ಜಿಯ ಕೈ ಹಿಡಿದುಕೊಂಡಳು.

"ಅದರಿಂದ ಕೂಸು ಹೋಗಿಲ್ಲ ಅನ್ನು, ತಾಯಿ" ಎಂದಳು ಶಂಕ್ರಮ್ಮ.

"ಅನ್ನಾಕ ಬರಂಗಿಲ್ಲಜ್ಜಿ. ಕೂಸು ಮೊದಲೇ ಸೋತಿತ್ತು. ಯಾವುದರಿಂದ ಹೋತೋ ನನಗೂ ಗೊತ್ತಿಲ್ಲ. ಆದ್ರ ಒಳಗ ಬಸವೇಶ್ವರಿ ಅತ್ತಿ, ತಾನು ಬಸರಿದ್ದಾಗ ಬಸ್ಸಿನಾಗ ನಾರಾಯಣಪೇಟೆಗೆ ಹೋಗಿ ಬಂದಿದ್ದಕ್ಕ ಹಿಂಗಾತು ಅಂತ ತನ್ನನ್ನ ತಾನೇ ಬೈಕೊಳ್ಳಾಕತ್ಯಾಳ. ಆಕಿಗೆ ಇದನ್ನ ಹೇಳು."

ಸೊಸೆ ಬಸವೇಶ್ವರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಶಂಕ್ರಮ್ಮ ಅವಳ ಕಾಲ ಬಳಿ ನೆಲಕ್ಕೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಸೊಸೆ ಬೈಯಲಿಲ್ಲ, ಇರಲಿ ಬಿಡ್ರಿ ಎನ್ನಲೂ ಇಲ್ಲ.

"ಆಗ ಕಣ್ಣು ತೆರೆದಿತ್ತೇನ್ರಿ, ಅತ್ತಿ?" ಎಂದು ಮಾತ್ರ ಕೇಳಿದಳು.

"ತೆರೆದಿತ್ತವ್ವಾ."

ಬಸವೇಶ್ವರಿ ಮೊದಲ ಸಲ ದನಿ ತೆಗೆದು ಅತ್ತಳು. ಶಂಕ್ರಮ್ಮ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು.

"ಶಿವನೇ, ಹೆಸರಿಡದ ಕೂಸು ಅಂತ ಹೊರಗ ನಿಲ್ಲಿಸಬ್ಯಾಡ. ತಪ್ಪು ನಂದು, ನನ್ನ ಮ್ಯಾಲೇ ಇರಲಿ. ಅದನ್ನ ನಿನ್ನ ಮಡಿಲಾಗ ಹಾಕ್ಕೋ. ಅದರ ಜೀವಕ್ಕ ಶಾಂತಿ ಕೊಡು."