ಪಾಂಡವಪುರದಲ್ಲಿ ನಿಂತ ಜಫರ್

ಜಫರ್ ಸತ್ತು ಎಂಟು ತಿಂಗಳಾಗಿತ್ತು. ಆದರೂ ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಪುಣ್ಯಾತ್ಮ ಶ್ರೀರಂಗಪಟ್ಟಣದಿಂದ ಮನೆಗೆ ಹೊರಟುಬಿಡುತ್ತಿದ್ದ.

ಹೊರಡುತ್ತಿದ್ದುದು ಅವನ ವೆಬ್‌ಸೈಟಿನಲ್ಲಿ. ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಕಂಪ್ಯೂಟರ್ ಅಂಗಡಿ, ಅದರ ಮೂಲೆಯಲ್ಲೊಂದು ಸರ್ವರ್. ಅದರೊಳಗೆ ಮೂರು ಸಂಸಾರ: ಹಾಲಿನ ಸಂಘದ ಭಾರೀ ಜಾವಾ ಅಪ್ಲಿಕೇಶನ್, ಬರೆದಿಟ್ಟಿದ್ದನ್ನು ಬರೆದಿಟ್ಟ ಹಾಗೇ ತೋರಿಸುವ ಹೊಸಹೊಳಲು ದೇವಸ್ಥಾನದ ಪುಟಗಳು, ಮತ್ತೆ ಕೇಳಿದಾಗಲೆಲ್ಲ ಹೊಸದಾಗಿ ಪುಟ ಕಟ್ಟಿಕೊಡುವ ಸ್ಕ್ರಿಪ್ಟಿನ ಬಸ್ ವೇಳಾಪಟ್ಟಿ. ಮುಂಬಾಗಿಲಲ್ಲಿ ವೆಬ್ ಸರ್ವರ್ ಕೂತು, ಬಂದವರನ್ನು ಅವರವರ ಮನೆಗೆ ಕಳಿಸುತ್ತಿತ್ತು.

ದಿನಾ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ರಿಪೇರಿ ಕೆಲಸಕ್ಕೆ ಹೋಗಿ ಊಟಕ್ಕೆ ಮನೆಗೆ ಬರುತ್ತಿದ್ದ ಜಫರ್, ವೇಳಾಪಟ್ಟಿಯ ಅಡಿಯಲ್ಲಿ ತನ್ನ ತಾಯಿ ರೆಹಮತುನ್ನೀಸಾಗೆಂದೇ ಒಂದು ಸಾಲು ಇಟ್ಟಿದ್ದ. ಒಂದು ಗಂಟೆಗೆ ‘ಅಮ್ಮೀ, ಪಟ್ಟಣ ಬುಟ್ಟೆ’. ಒಂದೂ ಇಪ್ಪತ್ತಕ್ಕೆ ‘ಪಾಂಡವಪುರದಲ್ಲಿದೀನಿ’. ಎರಡೂ ಹತ್ತಕ್ಕೆ ‘ಬಂದೆ, ಊಟ ಬಡಿಸು’. ಪಾಂಡವಪುರದಲ್ಲೇ ಲಾರಿ ಅವನ ಬೈಕಿಗೆ ಹೊಡೆದದ್ದು. ಸಾಲು ಮಾತ್ರ ನಿಲ್ಲಲಿಲ್ಲ. ‘ಬಂದೆ’ ಅನ್ನುವುದು ಮೊಬೈಲಿನಲ್ಲಿ ಮೂಡಿದ ಮೇಲೆಯೇ ಆಕೆ ತುತ್ತೆತ್ತುವುದು.

ಅಂಗಡಿ ಈಗ ತಂಗಿ ಶಬ್ರೀನ್ ಕೈಯಲ್ಲಿ. ಒಂದು ದಿನ ಧೈರ್ಯ ಮಾಡಿ ಆ ಸ್ಕ್ರಿಪ್ಟನ್ನು ತೆರೆದು ನೋಡಿದ್ದಳು. ಜಾಗ ಹುಡುಕುವ ಸಂಗತಿಯೇ ಅದರಲ್ಲಿಲ್ಲ! ಬರೀ ಗಡಿಯಾರ ನೋಡಿ ಹೇಳುತ್ತಿತ್ತು. ಅಣ್ಣ ಕೆ.ಆರ್.ಎಸ್.ನಲ್ಲಿ ಟೀ ಹೀರುತ್ತಾ ಹರಟೆ ಕೊಚ್ಚುತ್ತಿದ್ದರೂ, ಅಮ್ಮನ ಪಾಲಿಗೆ ದಾರಿಯಲ್ಲೇ ಇರುತ್ತಿದ್ದ. ಅಯ್ಯೋ ಕಳ್ಳ ಅಂತ ನಕ್ಕಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ.

ಹಳೇ ಸರ್ವರ್ ಪದೇ ಪದೇ ಕೈಕೊಡತೊಡಗಿದಾಗ ಹಾಲಿನ ಸಂಘದ ದೇವರಾಜು ಫೋನ್ ಮಾಡಿದ. “ಎಲ್ಲಾ ಹೊಸ ಮೆಶೀನ್‌ಗೆ ಹಾಕ್ಬುಡಮ್ಮ. ಬೆಳಿಗ್ಗೆ ಹಾಲ್ ಹಾಕೋರು ಕ್ಯೂ ನಿಂತವ್ರೆ.”

ಹೊಸದರಲ್ಲಿ ಜಾವಾ ಸರ್ವರ್ ಒಂದೇ ಇತ್ತು. ದೇವಸ್ಥಾನದ ಪುಟಗಳನ್ನು ಎತ್ತಿ ಹಾಕಿದ್ದೇ ಕೂತವು. ಸ್ಕ್ರಿಪ್ಟನ್ನು ಓಡಿಸುವುದು ಅದಕ್ಕೆ ಗೊತ್ತಿರಲಿಲ್ಲ. ಶಬ್ರೀನ್ ಅವಸರದಲ್ಲಿ ಒಂದು ಉಪಾಯ ಮಾಡಿದಳು: ವೇಳಾಪಟ್ಟಿಯನ್ನು ಪರದೆಯ ಮೇಲೆ ತೆರೆದು, ಕಂಡದ್ದನ್ನು ಕಂಡ ಹಾಗೇ ಸೇವ್ ಮಾಡಿ ಅಲ್ಲಿಟ್ಟಳು. ಬಸ್ಸಿನ ಸಮಯವೇನು ದಿನಾ ಬದಲಾಗುತ್ತದೆಯೇ? ಆಗ ಗಂಟೆ ಒಂದೂವರೆ. ಅಡಿಯ ಸಾಲಿನ ಕಡೆ ಅವಳ ಕಣ್ಣು ಹೋಗಲಿಲ್ಲ.

ಆ ದಿನ ಎರಡೂ ಹತ್ತಾಯಿತು, ಮೂರಾಯಿತು. ಜಫರ್ ಪಾಂಡವಪುರದಲ್ಲೇ ಇದ್ದ. ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೂ ಅಲ್ಲೇ. ರೆಹಮತುನ್ನೀಸಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಅನ್ನ ಮುಟ್ಟದೆ ತಟ್ಟೆಯ ಮುಂದೆ ಕೂತಳು. ಮಧ್ಯಾಹ್ನ ಶಬ್ರೀನ್ ಮನೆಗೆ ಬಂದಾಗ ಬೆವರಿ ಗೋಡೆಗೆ ಒರಗಿದ್ದಳು, ಮೊಬೈಲು ಮಾತ್ರ ಮುಷ್ಟಿಯಲ್ಲಿ.

“ಅಲ್ಲೇ ನಿಂತ್ಬುಟ್ಟವ್ನೆ ಕಣೇ. ಅದೇ ಜಾಗ್ದಲ್ಲಿ. ಒಬ್ನೇ.”

ಶಬ್ರೀನ್ ಮೊಬೈಲು ಇಸಕೊಂಡು ನೋಡಿದಳು. ಅಣ್ಣನನ್ನು ಅಲ್ಲಿ ನಿಲ್ಲಿಸಿದವಳು ತಾನೇ! ಸಕ್ಕರೆ ನೀರು ಕುಡಿಸಿ, ಅಳುತ್ತಲೇ ಎಲ್ಲ ಹೇಳಿದಳು. ಸಾಲು ನಡೆಯುವುದು ಗಡಿಯಾರದಿಂದ ಅಂದಳು. ಪುಟವನ್ನು ಕಲ್ಲು ಮಾಡಿಟ್ಟದ್ದು ತಾನು ಅಂದಳು. “ಜಾವಾ ಪಕ್ಕದಲ್ಲೇ ಸ್ಕ್ರಿಪ್ಟ್‌ನೂ ಓಡಿಸ್ತೀನಮ್ಮೀ. ಮುಂದ್ಗಡೆ ಇನ್ನೊಂದು ಸರ್ವರ್ ಕೂರ್ಸುದ್ರೆ ಆಯ್ತು. ಸಾಯಂಕಾಲದೊಳಗೆ ಅಣ್ಣ ಮೊದಲ್ನಂಗೇ ಬತ್ತಾನೆ.”

“ಗಡಿಯಾರ ಅಂತ ನಂಗೊತ್ತಿಲ್ವಾ?” ಅಂದಳು ತಾಯಿ. “ಅವ್ನು ಸತ್ತ ದಿನಾನೂ ಅದು ‘ಬಂದೆ, ಊಟ ಬಡಿಸು’ ಅಂದಿತ್ತು. ನಾನ್ ಬಡಿಸ್ಕೊಂಡು ಕೂತಿದ್ದೆ.”

ಶಬ್ರೀನ್ ಲೋಟ ಕೆಳಗಿಟ್ಟು ತಾಯಿಯ ಪಕ್ಕ ಕೂತಳು.

“ದಿನಾ ಬಂದಂಗಾಯ್ತಿತ್ತು, ಅದೇನೋ ಸುಖ. ಆದ್ರೆ ನಾಳೆ ಒಂದ್ ಗಂಟೆಗೆ ಅವ್ನನ್ನ ಮತ್ತೆ ಅದೇ ರಸ್ತೆಗೆ ಬುಡಬೇಕು. ಇಪ್ಪತ್ ನಿಮಿಷಕ್ಕೆ ಎದೆ ಒಡ್ಕಂಡೋಯ್ತದೆ. ಎಂಟ್ ತಿಂಗ್ಳು, ದಿನಾ ಇದೇ. ಸಾಕು ಬೇಟಾ. ಈ ಬದಲಾಗ್ದೇ ಇರೋ ಪುಟಾನೇ ಇರ್ಲಿ. ಒಂದ್ ಮಾತು ಮಾತ್ರ ತಿದ್ದು.”

ಶಬ್ರೀನ್ ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿದಳು. ‘ಪಾಂಡವಪುರದಲ್ಲಿದೀನಿ’ ಅಳಿಸಿದಳು. ಆ ಜಾಗದಲ್ಲಿ ‘ಬಂದೆ’ ಎಂದು ಬರೆದಳು.

ರೆಹಮತುನ್ನೀಸಾ ಮೊಬೈಲನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದು ಅನ್ನ ಕಲಸಿದಳು.

“ಇನ್ನ ಅವ್ನನ್ನ ಎಲ್ಗೂ ಕಳಿಸ್ಬ್ಯಾಡ ಕಣೇ” ಅಂದಳು.